ಎಂತದು ಮಾರಾಯ್ರೆ?

ಮಂಗಳೂರಿನ ಯಾವ ಪ್ರದರ್ಶನದಲ್ಲೇ ಆಗಲಿ, ಅಮೂರ್ತ ಚಿತ್ರದ ಮುಂದೆ ಐದು ನಿಮಿಷ ನಿಂತರೆ ಬೆನ್ನ ಹಿಂದಿನಿಂದ ಪ್ರಶ್ನೆಯೊಂದು ಬಂದೇ ಬರುತ್ತದೆ: 'ಇದು ಎಂತದು ಮಾರಾಯ್ರೆ?'

ಕೇಳುವವರು ದಡ್ಡರಲ್ಲ. ಈ ಊರಿನ ಕಣ್ಣು ಕಥೆಯಲ್ಲಿ ಪಳಗಿದ್ದು. ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಛಾವಣಿಗಳ ತುಂಬ ಬರೆದದ್ದೆಲ್ಲ ಕಥೆಯೇ. ಕತ್ತು ನೋಯುವಷ್ಟು ಹೊತ್ತು ತಲೆಯೆತ್ತಿದರೂ ಬೇಸರವಿಲ್ಲ. ಯಾರು ಸಂತ, ಯಾರು ದೇವದೂತ ಎಂಬುದು ತಿಳಿಯುತ್ತದೆ. ಆದರೆ ಅಲ್ಲೇ ಒಂದು ನಿಲುವಂಗಿಯ ಮಡಿಕೆಯನ್ನಷ್ಟೇ ನೋಡಿ. ಅಂಗೈಯಗಲದ ಆ ಜಾಗದಲ್ಲಿ ಸಂತನೂ ಇಲ್ಲ, ಕಥೆಯೂ ಇಲ್ಲ. ಬೆಳಕಿನ ಬಣ್ಣ ನೆರಳಿನ ಬಣ್ಣವನ್ನು ಒತ್ತರಿಸುತ್ತಿದೆ, ಅಷ್ಟೆ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಈ ಗುಟ್ಟನ್ನು ರೇಖೆಯಲ್ಲಿ ಹಿಡಿದರು. ಮುಂಬಯಿಯ ಜೆ.ಜೆ. ಶಾಲೆ, ಪ್ಯಾರಿಸಿನ ಅಕಾಡೆಮಿ ಜೂಲಿಯನ್ ಸಾಲದೆಂಬಂತೆ ಲಯ ತಿಳಿಯಲು ಕಥಕ್ ಕೂಡ ಕಲಿತವರು. ಅವರ ನರ್ತನದ ರೇಖಾಚಿತ್ರಗಳಲ್ಲಿ ಕೈ ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಗೆರೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಆದರೂ ಆಕೃತಿಯ ಕೈಯನ್ನು ಅವರು ಪೂರ್ತಿ ಬಿಡಲಿಲ್ಲ. ಅದು ಅವರ ಮಿತಿ ಎನ್ನುವವರಿದ್ದಾರೆ, ನನಗೆ ಹಾಗನ್ನಿಸದು. ಅಮೂರ್ತಕ್ಕೆ ಹೊರಟ ನೋಡುಗನಿಗೆ ಅದಕ್ಕಿಂತ ಒಳ್ಳೆಯ ಕಾಲುಸಂಕ ನಮ್ಮಲ್ಲಿಲ್ಲ.

ಸಂಕ ದಾಟಿಸಬೇಕಾದ ಬರವಣಿಗೆಯೇ ಕೈಕೊಡುತ್ತಿದೆ. ಕ್ಯಾಟಲಾಗು ತೆರೆದರೆ 'ಅಂತರಂಗದ ಪಯಣ', 'ಬ್ರಹ್ಮಾಂಡದ ಸ್ಪಂದನ'. ಇಲ್ಲವೇ ಕರಾವಳಿಯ ಹೆಮ್ಮೆಗೆ ಒಂದು ಮಾತು: ನಮ್ಮ ನಾಗಮಂಡಲವೂ ಅಮೂರ್ತವೇ! ಒಪ್ಪಲಾರೆ. ಐದು ಬಣ್ಣದ ಪುಡಿಗಳಲ್ಲಿ ಹೆಣೆದ ಆ ಹೆಡೆ, ಸುರುಳಿಗಳು ಏನೆಂದು ನೆರೆದ ಮಗುವಿಗೂ ಗೊತ್ತು. ಅದಕ್ಕೊಂದು ವಿಧಿಯಿದೆ, ವಿಧಿ ಮುಗಿದರೆ ಮಂಡಲವನ್ನೂ ಅಳಿಸುತ್ತಾರೆ. ಕ್ಯಾನ್ವಾಸು ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅದರ ತೊಡಕೂ ಅದೇ, ಸುಖವೂ ಅದೇ.

ಹಾಗಾಗಿ ಕಲಾವಿದರೇ ಬರೆದಾಗ ನಾನು ಕಿವಿ ನಿಮಿರಿಸುತ್ತೇನೆ. ತತ್ವಜ್ಞಾನ ಬೇಡ. ಯಾವ ಬಣ್ಣದ ಮೇಲೆ ಯಾವುದನ್ನು ಎಳೆದಿರಿ, ಎಷ್ಟನ್ನು ಕೆರೆದು ತೆಗೆದಿರಿ, ಜುಲೈಯ ಥಂಡಿಯಲ್ಲಿ ಅಕ್ರಿಲಿಕ್ ಒಣಗದೆ ಏನು ಎಡವಟ್ಟಾಯಿತು, ಆ ಎಡವಟ್ಟನ್ನು ಯಾಕೆ ಉಳಿಸಿಕೊಂಡಿರಿ? ಇಷ್ಟು ಹೇಳಿದರೆ ನೋಡುಗನ ಕಣ್ಣಿಗೆ ಕೆಲಸ ಸಿಗುತ್ತದೆ.

ಕಳೆದ ಸಲ ನನ್ನ ಹಿಂದೆ ನಿಂತು ಅದೇ ಪ್ರಶ್ನೆ ಕೇಳಿದ ಹಿರಿಯರಿಗೆ ನಾನು ಅರ್ಥ ಹೇಳಲಿಲ್ಲ. ಹಸಿರಿನ ಅಡಿಯಿಂದ ಕೆಂಪು ಇಣುಕುವ ಒಂದು ಅಂಚನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದರು. 'ಮಳೆಗಾಲದಲ್ಲಿ ನಮ್ಮ ಬಾವಿಕಟ್ಟೆಯ ಮುರಕಲ್ಲು ಹೀಗೇ ಉಂಟು' ಎಂದರು. ಸ್ವಲ್ಪ ತಡೆದು, 'ಆದ್ರೆ ಇದು ಅದಲ್ಲ' ಎಂದು ಮತ್ತೆ ನೋಡತೊಡಗಿದರು.