ಮುದ್ದೆ ಬಂತು, ಸಾರು ಬರಲಿಲ್ಲ

ಬೆಂಗಳೂರಿನಲ್ಲಿ ನಡೆಯುವ ಯಾವುದೇ ಸಿರಿಧಾನ್ಯ ಮೇಳದಲ್ಲಿ ಒಂದು ಸುತ್ತು ಹಾಕಿ ಬನ್ನಿ, ಕಣ್ಣಿಗೆ ಮೊದಲು ಬೀಳುವುದು ರೋಗಗಳ ಹೆಸರು. ನವಣೆ ನರಗಳಿಗೆ, ಹಾರಕ ರಕ್ತಶುದ್ಧಿಗೆ, ಊದಲು ಪಿತ್ತಜನಕಾಂಗಕ್ಕೆ, ಕೊರಲೆ ಜೀರ್ಣಾಂಗಕ್ಕೆ ಎಂದು ಮಳಿಗೆ ಮಳಿಗೆಯಲ್ಲೂ ಫಲಕ. ಸಾಮೆ ಬಾಯಿಗೆ ಹೇಗಿರುತ್ತದೆ, ಬರಗಿನ ಅನ್ನಕ್ಕೆ ಯಾವ ಸಾರು ಹೊಂದುತ್ತದೆ, ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಯಾಕೆ ಉದುರಿಸುತ್ತಾರೆ ಎಂದು ಹೇಳುವವರು ಸಿಗುವುದು ಕಷ್ಟ. ಊಟದ ಮೇಳಕ್ಕೆ ಹೋದವರು ಔಷಧಿ ಅಂಗಡಿಯ ಭಾಷೆ ಕೇಳಿಕೊಂಡು ಮನೆಗೆ ಬರುತ್ತಾರೆ.

ಸಿರಿಧಾನ್ಯದ ಆಂದೋಲನ ಸಾಧಿಸಿದ್ದು ಸಣ್ಣದಲ್ಲ. 2018ನ್ನು ಭಾರತ ಸರ್ಕಾರ ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಮ್ಮ ದೇಶವೇ ಮುಂದಿಟ್ಟ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತು. ಅದೇ ವರ್ಷ ಸಿರಿಧಾನ್ಯದ ಪ್ರಚಾರಕ, ಮೈಸೂರಿನ ಡಾ. ಖಾದರ್ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕ ಸರ್ಕಾರ ‘ರೈತ ಸಿರಿ’ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಕೆಲವೇ ಊರುಗಳ ಹೊಲದಲ್ಲಿ ಉಳಿದಿದ್ದ ಕೊರಲೆ ಇಂದು ನಗರದ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಮಳೆ ನಂಬಿ ಬೆಳೆಯುವ ರೈತನಿಗೆ ಇದು ನಿಜವಾದ ಲಾಭ. ಬೆಳೆಯುವ ಮತ್ತು ಮಾರುವ ಭಾಗದಲ್ಲಿ ಈ ಆಂದೋಲನಕ್ಕೆ ಒಳ್ಳೆಯ ಅಂಕವನ್ನೇ ಕೊಡಬೇಕು.

ತಕರಾರು ಇರುವುದು ತಟ್ಟೆಯ ವಿಷಯದಲ್ಲಿ. ಸಕ್ಕರೆ ಕಾಯಿಲೆಯ ವರದಿ ಕೈಗೆ ಬಂದ ವಾರ ಮನೆಗೆ ಐದು ಬಗೆಯ ಧಾನ್ಯದ ಪೊಟ್ಟಣ ಬರುತ್ತದೆ. ಎರಡೆರಡು ದಿನ ಒಂದೊಂದು ಧಾನ್ಯ ಎಂಬ ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತಾರೆ. ಮುಂದಿನ ವರದಿಯಲ್ಲಿ ಅಂಕಿ ಇಳಿದರೆ ಕಾಯಿಲೆ ಹೋಯಿತೆಂದು ಬಿಡುತ್ತಾರೆ. ಇಳಿಯದಿದ್ದರೆ ಇದರಿಂದ ಏನೂ ಆಗಲಿಲ್ಲವೆಂದು ಬಿಡುತ್ತಾರೆ. ಎರಡೂ ಕಡೆ ಬಿಡುವುದೇ ಗತಿ. ಔಷಧಿಯಾಗಿ ಒಳಗೆ ಬಂದದ್ದು ಔಷಧಿಯ ಹಾಗೆಯೇ ಹೊರಗೆ ಹೋಗುತ್ತದೆ. ಒಂದೊಂದು ಧಾನ್ಯಕ್ಕೆ ಒಂದೊಂದು ಅಂಗವನ್ನು ಹಂಚಿಕೊಡುವ ಈ ಪಟ್ಟಿಗೆ ವೈದ್ಯಕೀಯ ಅಧ್ಯಯನಗಳ ಬಲವೂ ಇಲ್ಲ. ನಾರು ಹೆಚ್ಚು, ಪಾಲಿಶ್ ಮಾಡಿದ ಅಕ್ಕಿಗಿಂತ ನಿಧಾನವಾಗಿ ಸಕ್ಕರೆ ಬಿಡುತ್ತವೆ, ರಾಗಿಯಲ್ಲಂತೂ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆ. ಹೇಳಿಕೊಳ್ಳಲು ಇಷ್ಟು ಸಾಕಾಗಿತ್ತು.

ಜನಕ್ಕೆ ಇದರ ರುಚಿ ಹಿಡಿಸುವುದಿಲ್ಲ, ಅದಕ್ಕೇ ಔಷಧಿ ಎಂದು ಹೇಳಬೇಕಾಗುತ್ತದೆ ಎಂದು ಮಳಿಗೆಯವರು ಸಮಜಾಯಿಷಿ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ನಾಲಿಗೆ ಹುಟ್ಟಿನಿಂದ ತರುವುದು ಬಹಳ ಕಡಿಮೆ: ಸಿಹಿಯ ಮೇಲೆ ಆಸೆ, ಕಹಿಯ ಮೇಲೆ ಅಂಜಿಕೆ. ಮಿಕ್ಕದ್ದರಲ್ಲಿ ಬಹುಪಾಲು ರೂಢಿ. ಮೆಣಸಿನಕಾಯಿ ಈ ನೆಲದ್ದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬಾಯಿ ಸುಡುವ ಆ ಕಾಯಿಯನ್ನು ಯಾವ ವೈದ್ಯರೂ ನಮಗೆ ಬರೆದುಕೊಡಲಿಲ್ಲ. ಆದರೂ ಇಂದು ಬ್ಯಾಡಗಿ ಇಲ್ಲದ ಸಾರಿನ ಪುಡಿ ನಮ್ಮ ಕಲ್ಪನೆಗೆ ಬರುವುದಿಲ್ಲ. ಇಡೀ ನಾಡಿನ ನಾಲಿಗೆ ಕೆಲವೇ ತಲೆಮಾರುಗಳಲ್ಲಿ ಉರಿಯನ್ನೇ ಸುಖವೆಂದು ಕಲಿತುಕೊಂಡಿತು.

ಕಲಿಕೆ ಹೇಗೆ ಆಗುತ್ತದೆ ಎಂಬುದನ್ನೂ ನೋಡಿದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳಿಗೆ ಗುರುತಿಲ್ಲದ ಹಣ್ಣು, ಚೀಸ್‌ಗಳನ್ನು ಕೊಟ್ಟು ನೋಡಿದರು. ಕೆಲವನ್ನು ಎರಡೇ ಸಲ, ಕೆಲವನ್ನು ಹತ್ತು ಸಲ, ಕೆಲವನ್ನು ಇಪ್ಪತ್ತು ಸಲ. ಹೆಚ್ಚು ಸಲ ಬಾಯಿಗೆ ಬಂದದ್ದನ್ನೇ ಮಕ್ಕಳು ಮೆಚ್ಚಿದವು. ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡಿತು: ಇದನ್ನು ಕುಡಿದರೆ ಬಹುಮಾನ ಎಂದಾಗ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಯಿತು. ದೊಡ್ಡವರ ನಾಲಿಗೆಯೂ ಬದಲಾಗುತ್ತದೆ. 1982ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಐದು ತಿಂಗಳು ಉಪ್ಪು ಕಡಿಮೆ ಮಾಡಿದವರಿಗೆ ಕೊನೆಗೆ ಕಡಿಮೆ ಉಪ್ಪಿನದೇ ಹಿತವಾಗತೊಡಗಿತು, ಮೊದಲಿನ ಉಪ್ಪು ಜಾಸ್ತಿ ಅನ್ನಿಸಿತು. ಆಗಾಗ, ಸ್ವಲ್ಪ ಸ್ವಲ್ಪ, ಬಲವಂತವಿಲ್ಲದೆ. ಫಲಕಗಳ ಹೆದರಿಕೆಗೂ ಈ ದಾರಿಗೂ ಸಂಬಂಧವೇ ಇಲ್ಲ.

ನಮ್ಮ ಅಡುಗೆಮನೆಗೆ ಈ ದಾರಿ ಹಿಂದಿನಿಂದ ಗೊತ್ತು. ಹಾಗಲಕಾಯಿ ಗೊಜ್ಜನ್ನೇ ನೋಡಿ. ಹೆಚ್ಚಿದ ಹೋಳಿಗೆ ಉಪ್ಪು ಸವರಿ, ಹಿಂಡಿ, ಎಣ್ಣೆಯಲ್ಲಿ ಬಾಡಿಸಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸಿ, ಹುರಿದ ಎಳ್ಳು, ಒಣಕೊಬ್ಬರಿಯ ಪುಡಿ ಬೆರೆಸಿದ ಮೇಲೂ ಕಹಿ ಎಲ್ಲೂ ಓಡಿಹೋಗಿರುವುದಿಲ್ಲ. ಆದರೆ ಅದು ಒಂಟಿಯಾಗಿ ಬಾಯಿಗೆ ಬರುವುದಿಲ್ಲ. ಮೊದಮೊದಲು ಮಗು ಗೊಜ್ಜಿನ ರಸವನ್ನಷ್ಟೇ ಅನ್ನಕ್ಕೆ ಕಲಸಿಕೊಂಡು ಹೋಳನ್ನು ಎಲೆಯ ಅಂಚಿಗೆ ತಳ್ಳುತ್ತದೆ. ಯಾರೂ ಗದರುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಅದೇ ಮಗು ಹೋಳಿಗಾಗಿ ಸೌಟಿನಲ್ಲಿ ತಡಕುತ್ತದೆ. ಮಲೆನಾಡಿನ ತಂಬುಳಿಯೂ ಹಾಗೇ. ಒಂದೆಲಗವನ್ನು ಹಸಿಯಾಗಿ ಅಗಿಯಲು ಕೊಟ್ಟರೆ ಯಾರೂ ಇಷ್ಟಪಡುವುದಿಲ್ಲ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ಸೊಪ್ಪು ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಕಲಸಿದಾಗ ಊಟದ ಮೊದಲ ತುತ್ತಿಗೇ ಅದು ಬೇಕಾಗುತ್ತದೆ.

ಧಾನ್ಯದ ವಿಷಯದಲ್ಲೂ ಈ ಜಾಣ್ಮೆ ಇತ್ತು. ರಾಗಿಮುದ್ದೆಗೆ ತನ್ನದೆಂದು ಹೇಳಿಕೊಳ್ಳುವ ರುಚಿ ಬಹಳ ಮೆತ್ತಗಿನದು. ಅದು ಸಾರನ್ನು ಹೊತ್ತುಕೊಂಡು ಗಂಟಲಿಗೆ ಇಳಿಯುವ ಊಟ. ಅದಕ್ಕೇ ಮಂಡ್ಯ, ಹಾಸನ, ಕೋಲಾರದ ಕಡೆ ಮುದ್ದೆಗಿಂತ ಹೆಚ್ಚು ಮಾತು ಬಸ್ಸಾರಿನ ಮೇಲೆ ನಡೆಯುತ್ತದೆ. ದಂಟೋ ಬೆರಕೆ ಸೊಪ್ಪೋ ಸಿಕ್ಕಿದ್ದನ್ನು ಕಾಳಿನೊಂದಿಗೆ ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಕಾಯಿ, ಹುಣಸೆಹಣ್ಣು ಮತ್ತು ಬೆಂದ ಸೊಪ್ಪುಕಾಳಿನಿಂದಲೇ ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಧಾನ್ಯಕ್ಕೆ ಬೇಕಾದ ಬೇಳೆಕಾಳು, ಸೊಪ್ಪು ಎರಡೂ ತಟ್ಟೆಗೆ ಬಂದವು. ಬೀದರ್, ಕಲಬುರಗಿಯ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿ ಇನ್ನೂ ದೊಡ್ಡದು. ಆ ಹಂಗಾಮಿನ ಹಸಿ ಕಾಳು, ಸೊಪ್ಪು, ತರಕಾರಿ ಎಷ್ಟು ಬಗೆ ಸಿಗುತ್ತದೋ ಅಷ್ಟನ್ನೂ ಒಟ್ಟಿಗೆ ಕುದಿಸಿ ಸಜ್ಜೆ ರೊಟ್ಟಿಯೊಂದಿಗೆ ಬಡಿಸುತ್ತಾರೆ, ಜತೆಗೆ ಅಂಬಲಿ.

ನಗರದ ಸಿರಿಧಾನ್ಯದ ಅಡುಗೆ ಎಡವಿದ್ದು ಇಲ್ಲೇ. ಧಾನ್ಯವನ್ನು ತಂದಿತು, ಅದರ ಬಳಗವನ್ನು ಊರಲ್ಲೇ ಬಿಟ್ಟುಬಂದಿತು. ಮುದ್ದೆ ಕೊಡುವ ಎಷ್ಟೋ ಹೋಟೆಲುಗಳಲ್ಲಿ ಜತೆಗೆ ಬರುವುದು ಇಡ್ಲಿಗೆ ಮಾಡಿಟ್ಟ ಅದೇ ಸಾಂಬಾರು. ನವಣೆ ಬಿಸಿಬೇಳೆಬಾತ್, ಸಾಮೆ ಪುಳಿಯೋಗರೆ, ಊದಲಿನ ಪಲಾವ್ ಎಂದು ಪಟ್ಟಿ ಬೆಳೆಯುತ್ತದೆ. ಅಕ್ಕಿಯ ವೇಷ ತೊಟ್ಟ ಧಾನ್ಯವನ್ನು ತಿನ್ನುವವನು ಪ್ರತಿ ತುತ್ತಿಗೂ ಅಕ್ಕಿಯನ್ನೇ ನೆನೆಯುತ್ತಾನೆ, ಹೋಲಿಕೆಯಲ್ಲಿ ಧಾನ್ಯ ಸೋಲುತ್ತದೆ. ಇನ್ನು ಬಿಸ್ಕತ್ತು, ನೂಡಲ್ಸ್, ಕುಕೀಸ್. ಪೊಟ್ಟಣದ ಹಿಂಬದಿ ಓದಿದರೆ ಬಹುಸಲ ಗೋಧಿ ಅಥವಾ ಮೈದಾ, ಸಕ್ಕರೆ, ತಾಳೆ ಎಣ್ಣೆಯ ನಡುವೆ ರಾಗಿಗೆ ಒಂದಿಷ್ಟು ಜಾಗ. ಇದರಿಂದ ನಾಲಿಗೆ ಕಲಿಯುವುದು ಸಕ್ಕರೆಯನ್ನು, ರಾಗಿಯನ್ನಲ್ಲ. ಸಾಂಬಾರಿನ ಮುದ್ದೆ, ಅಕ್ಕಿಯ ವೇಷ, ಪೊಟ್ಟಣದ ತಿಂಡಿ, ಈ ಮೂರರಲ್ಲಿ ಅತ್ಯಂತ ಕೆಟ್ಟದ್ದು ಯಾವುದೆಂದು ಕೇಳಿದರೆ ನಾನು ಅನುಮಾನವಿಲ್ಲದೆ ಬಿಸ್ಕತ್ತಿನ ಕಡೆ ಬೆರಳು ತೋರಿಸುತ್ತೇನೆ. ಮಕ್ಕಳ ಡಬ್ಬಿಗೆ ಆರೋಗ್ಯವೆಂಬ ಹೆಸರಿನಲ್ಲಿ ಹೋಗುವುದು ಅದೇ.

ಬದಲಿ ಧಾನ್ಯ ಸೋಲಲೇಬೇಕೆಂದೇನೂ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಎಂದು ಎಂಟಿಆರ್‌ನವರು ಹೇಳುತ್ತಾರೆ. ಆ ರವೆ ಇಡ್ಲಿ ಅಕ್ಕಿ ಇಡ್ಲಿಯಂತೆ ನಟಿಸಲಿಲ್ಲ. ಮೊಸರು, ಸಾಸಿವೆ ಒಗ್ಗರಣೆ, ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು ಇಟ್ಟುಕೊಂಡು ತಾನೇ ಒಂದು ತಿಂಡಿಯಾಯಿತು. ಅಕ್ಕಿ ಬೇಕಾದಷ್ಟು ಸಿಕ್ಕ ಮೇಲೂ ಜನ ಅದನ್ನು ಬಿಡಲಿಲ್ಲ.

ಸಾಮೆಗೂ ಇಂಥದೊಂದು ಗುಣವಿದೆ. ಪಾಲಿಶ್ ಮಾಡಿ ಬೆಳ್ಳಗಾದದ್ದನ್ನು ಬಿಟ್ಟು ತುಸು ಕಂದು ಬಣ್ಣದ್ದನ್ನು ತಂದು, ಕೆಲವು ಗಂಟೆ ನೆನೆಹಾಕಿ, ಅಕ್ಕಿಗಿಂತ ಸ್ವಲ್ಪ ಹೆಚ್ಚೇ ನೀರಿಟ್ಟು ಬೇಯಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಬೇಕು. ಬಿಸಿಯಾಗಿ ಉಂಡರೆ ಪರವಾಗಿಲ್ಲ ಅನ್ನಿಸುತ್ತದೆ, ಆರಿದರೆ ಗಟ್ಟಿಯಾಗಿ ಗಂಟಲಲ್ಲಿ ನಿಲ್ಲುತ್ತದೆ. ಅದಕ್ಕೇ ಡಬ್ಬಿಗೆ ಹಾಕಿದ ಸಾಮೆ ಪಲಾವ್ ಮಧ್ಯಾಹ್ನ ಅರ್ಧಕ್ಕರ್ಧ ಉಳಿಯುವುದು. ಅದೇ ಅನ್ನವನ್ನು ಬಿಸಿಯಿರುವಾಗಲೇ ತುಸುವೇ ಮಸೆದು, ಹಾಲು, ಮೊಸರು ಸೇರಿಸಿ ಸಡಿಲವಾಗಿ ಕಲಸಿ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ ಬಿಡಿ. ಹೊತ್ತು ಕಳೆದಂತೆ ಸಾಮೆ ಮೊಸರನ್ನು ಹೀರಿಕೊಂಡು ಉಬ್ಬುತ್ತದೆ, ಪ್ರತಿ ಕಾಳೂ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತದೆ. ಅಕ್ಕಿಯ ಮೊಸರನ್ನಕ್ಕೆ ಇಲ್ಲದ ಸುಖ ಅದು. ಸಾಮೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಗೆಲ್ಲುವುದಿಲ್ಲ ಎಂಬ ಇಂಥ ತಿಳಿವಳಿಕೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕಿತ್ತು.

ಗೆದ್ದ ಧಾನ್ಯವೊಂದು ಕಣ್ಣೆದುರೇ ಇದೆ. ಜೋಳವೂ ಸಿರಿಧಾನ್ಯದ ಪಟ್ಟಿಯಲ್ಲೇ ಬರುತ್ತದೆ. ಉತ್ತರ ಕರ್ನಾಟಕದ ಖಾನಾವಳಿಗಳು ಬೆಂಗಳೂರಿಗೆ ಬಂದಾಗ ಜೋಳ ಯಾವ ರೋಗಕ್ಕೆ ಒಳ್ಳೆಯದೆಂದು ಗೋಡೆಯ ಮೇಲೆ ಬರೆಯಲಿಲ್ಲ. ರೊಟ್ಟಿಯ ಜತೆಗೆ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ, ಹೀಗೆ ಇಡೀ ಸಂಸಾರವನ್ನೇ ಕರೆತಂದವು. ಅನ್ನ, ಮುದ್ದೆ ಉಂಡೇ ಬೆಳೆದ ಹಳೇ ಮೈಸೂರಿನವರು ಇಂದು ಅಲ್ಲಿ ಸಾಲು ನಿಂತು ಉಣ್ಣುತ್ತಾರೆ. ಹಸಿ ಸೊಪ್ಪು ಮುಟ್ಟದವರೂ ಅಲ್ಲಿ ಮೆಂತ್ಯದ ಎಲೆ ಕಿತ್ತು ಚಟ್ನಿಗೆ ಒತ್ತಿಕೊಂಡು ತಿನ್ನುವುದನ್ನು ನೋಡಿದ್ದೇನೆ.

ಖಾನಾವಳಿ ಇನ್ನೊಂದು ಕಷ್ಟಕ್ಕೂ ದಾರಿ ತೋರಿಸಿದೆ. ರೊಟ್ಟಿ ಬಡಿಯುವುದು, ಎಸರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ಗಂಟಿಲ್ಲದಂತೆ ತಿರುವುವುದು ರಟ್ಟೆಯ ಕೆಲಸ, ಮನೆಗಳಲ್ಲಿ ಅದು ಹೆಂಗಸರದೇ ಪಾಲು. ‘ಅಜ್ಜಿಯ ಕಾಲದ ಊಟಕ್ಕೆ ಮರಳಿ’ ಎಂದು ವೇದಿಕೆಯಿಂದ ಹೇಳುವವರು ಆ ಅಜ್ಜಿ ಒಲೆಯ ಮುಂದೆ ಎಷ್ಟು ಹೊತ್ತು ಕೂತಿದ್ದಳು ಎಂಬುದನ್ನು ಮರೆಯುತ್ತಾರೆ. ಅಕ್ಕಿ ಮತ್ತು ಕುಕ್ಕರ್ ಆ ದುಡಿಮೆಯಿಂದ ಬಿಡುವು ಕೊಟ್ಟವು. ಅದನ್ನು ಕಸಿದುಕೊಂಡು ಬರುವ ಆರೋಗ್ಯ ಯಾರಿಗೂ ಬೇಡ. ಖಾನಾವಳಿಯಲ್ಲಿ ಅದು ಕೂಲಿಯ ಕೆಲಸ. ಹುಬ್ಬಳ್ಳಿ, ಕಲಬುರಗಿಯ ಕಡೆ ಮಹಿಳಾ ಸಂಘಗಳೂ ರೊಟ್ಟಿ ಬಡಿದು, ಖಡಕ್ ಮಾಡಿ ಊರೂರಿಗೆ ಕಳಿಸುತ್ತಿವೆ. ಆ ದುಡಿಮೆಗೆ ಕೂಲಿ ಸಿಗುತ್ತಿದೆ. ಗಂಡಸರು ಮುದ್ದೆ ಕೋಲು ಹಿಡಿಯಲಿ ಎಂಬುದೂ ನನ್ನ ಒತ್ತಾಯ.

ಅಕ್ಕಿಯ ಮೋಹವನ್ನು ಹಂಗಿಸುವುದೂ ತಪ್ಪು. ಬಯಲುಸೀಮೆಯಲ್ಲಿ ಅನ್ನ ಹಬ್ಬದ ಊಟವಾಗಿತ್ತು, ರಾಗಿ ದುಡಿಯುವವರ ಊಟವಾಗಿತ್ತು. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತವನ್ನೂ ರಾಗಿಯನ್ನೂ ಎದುರುಬದುರು ನಿಲ್ಲಿಸಿದ್ದು ಈ ಮೇಲುಕೀಳನ್ನು ಕಂಡೇ. 2013ರಲ್ಲಿ ಅನ್ನಭಾಗ್ಯ ಬಂದಾಗ ದಿನವೂ ಅನ್ನ ಉಣ್ಣುವಂತಾದ ಮನೆಗಳ ಸಂತೋಷ ನಿಜವಾದದ್ದು.

ಆರೋಗ್ಯದ ಲೆಕ್ಕಕ್ಕೆ ಬಂದರೂ ಧಾನ್ಯ ಬದಲಿಸುವುದು ಕೆಲಸದ ಚಿಕ್ಕ ಭಾಗ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತೋರಿಸುವ ಮಾದರಿ ತಟ್ಟೆಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ. ನಮ್ಮ ಬಹುತೇಕ ಮನೆಗಳಲ್ಲಿ ತರಕಾರಿ ಬೀಳುವುದು ಸಾಂಬಾರಿನಲ್ಲಿ ತೇಲುವ ನಾಲ್ಕು ಹೋಳಿನ ರೂಪದಲ್ಲಿ. ಅಕ್ಕಿಯ ಬದಲು ಅಷ್ಟೇ ರಾಶಿ ನವಣೆ ಉಂಡು ಪಲ್ಯ ಮುಟ್ಟದವರಿಗೆ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಬಸ್ಸಾರು, ಭಜ್ಜಿ, ಖಾನಾವಳಿಯ ತಟ್ಟೆ ಈ ಅಳತೆಗೆ ಹತ್ತಿರ ಬರುವುದು ಆಕಸ್ಮಿಕವಲ್ಲ. ಹಸಿವು ಮತ್ತು ಹಂಗಾಮು ಕೂಡಿ ತಿದ್ದಿದ ಊಟಗಳು ಅವು.

ಹಾಗಾಗಿ ನನ್ನ ತೀರ್ಪಿನಲ್ಲಿ ಮೇಳಗಳಿಗಿಂತ ಹೆಚ್ಚಿನ ಭರವಸೆ ಇರುವುದು ಸರ್ಕಾರಿ ಶಾಲೆಗಳಲ್ಲಿ. 2024ರ ಫೆಬ್ರುವರಿಯಲ್ಲಿ ಅಲ್ಲಿ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವುದು ಶುರುವಾಯಿತು. ಸಿಹಿಯ ಆಸರೆ ಇದೆ, ಮತ್ತೆ ಮತ್ತೆ ಬರುತ್ತದೆ, ಗೆಳೆಯರ ಜತೆ ಕೂತು ಕುಡಿಯುವಂಥದ್ದು, ರೋಗದ ಮಾತಿಲ್ಲ. ಆದರೆ ಮಾಲ್ಟಿಗೇ ನಿಲ್ಲಬಾರದು. ಮಧ್ಯಾಹ್ನದ ಬಿಸಿಯೂಟದಲ್ಲಿ ಬೀದರಿನ ಮಗುವಿಗೆ ರೊಟ್ಟಿ, ಕಾಳುಪಲ್ಯ, ಕೋಲಾರದ ಮಗುವಿಗೆ ಪುಟ್ಟ ಮುದ್ದೆ, ಸೊಪ್ಪಿನ ಸಾರು ವಾರಕ್ಕೆ ಒಂದು ದಿನವಾದರೂ ಸಿಗುವಂತಾಗಲಿ. ಅಡುಗೆಯವರಿಗೆ ಆ ದಿನದ ಹೆಚ್ಚುವರಿ ದುಡಿಮೆಗೆ ಕೂಲಿಯನ್ನೂ ಕೊಡಲಿ.

ಮೇಳ ನಡೆಸುವವರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ರೋಗದ ಫಲಕ ಕಟ್ಟುವ ಜಾಗದಲ್ಲಿ ಒಂದು ಒಲೆ ಹೂಡಿ, ಮಂಡ್ಯದಿಂದಲೋ ಬೀದರಿನಿಂದಲೋ ಅಡುಗೆ ಬಲ್ಲವರನ್ನು ಒಳ್ಳೆಯ ಸಂಭಾವನೆ ಕೊಟ್ಟು ಕರೆಸಿ. ಓದುಗರು ಈ ವಾರ ಒಂದು ಕಿಲೋ ರಾಗಿ ಹಿಟ್ಟು ತರುವುದಾದರೆ ಎರಡು ಕಟ್ಟು ದಂಟಿನ ಸೊಪ್ಪು, ಕಾಲು ಕಿಲೋ ಹುರುಳಿಕಾಳನ್ನೂ ಜತೆಗೇ ತನ್ನಿ.