ಒಂಟಿ ತೊಟ್ಟಿಯ ಮಡಿ

ಜಪಾನಿಗೆ ಹೋಗಿ ಬಂದ ನಮ್ಮ ಪ್ರವಾಸ ಲೇಖಕರೆಲ್ಲ ಒಂದೇ ಕೋಣೆಯಲ್ಲಿ ತಂಗಿ ಬಂದವರ ಹಾಗೆ ಬರೆಯುತ್ತಾರೆ. ಬೆಟ್ಟದ ಸಂದಿಯಲ್ಲೊಂದು ರ್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹ, ಹುಲ್ಲುಚಾಪೆಯ ನೆಲ, ಕೋಣೆಗೇ ಬರುವ ಊಟ, ಜಾರುಬಾಗಿಲಿನಾಚೆ ತಮಗೊಬ್ಬರಿಗೇ ಮೀಸಲಾದ ಬಿಸಿನೀರ ಬುಗ್ಗೆಯ ತೊಟ್ಟಿ. ಅದರಲ್ಲಿ ಕುತ್ತಿಗೆಮಟ ಮುಳುಗಿ ಕೂತ ಲೇಖಕರಿಗೆ ಮೌನ ಸಿಕ್ಕುತ್ತದೆ, ಝೆನ್ ಹೊಳೆಯುತ್ತದೆ, ಕೊನೆಯ ಪ್ಯಾರಾದಲ್ಲಿ ಜಪಾನಿನ ಆತ್ಮವೂ ಕೈಗೆ ಬರುತ್ತದೆ. ಈ ಒಂಟಿ ತೊಟ್ಟಿಯ ಕೀರ್ತಿ ಅತಿಯಾಯಿತು ಎಂಬುದು ನನ್ನ ತಕರಾರು.

ರ್ಯೋಕಾನ್‌ಗಳ ಹಿರಿತನವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಯಮನಾಶಿಯ ಕೇಯುನ್‌ಕಾನ್ 705ರಲ್ಲಿ, ಅವಾಝುವಿನ ಹೋಶಿ 718ರಲ್ಲಿ ಶುರುವಾದವೆಂದು ಅವು ಹೇಳಿಕೊಳ್ಳುತ್ತವೆ. ಅಂದರೆ ಅಣ್ಣಿಗೇರಿಯ ಪಂಪನಿಗಿಂತ ಹೆಚ್ಚುಕಡಿಮೆ ಇನ್ನೂರು ವರ್ಷ ಹಿರಿಯವು. ಆದರೆ ಹಳೆಯದು ವಸತಿಗೃಹ. ಕೋಣೆಗೊಂದು ತೊಟ್ಟಿ ಅಲ್ಲ, ಅದು ಮೊನ್ನೆ ಮೊನ್ನೆಯ ಪ್ರವಾಸೋದ್ಯಮದ ಬೆಡಗು. ಬುಗ್ಗೆಯ ನೀರು ಶತಮಾನಗಳ ಕಾಲ ಊರವರದಾಗಿತ್ತು. ಸುಗ್ಗಿ ಮುಗಿಸಿದ ರೈತರು ಅಕ್ಕಿ ಕಟ್ಟಿಕೊಂಡು ಹೋಗಿ, ತಾವೇ ಬೇಯಿಸಿಕೊಂಡು, ವಾರಗಟ್ಟಲೆ ಮೈನೋವು ಕಳೆದುಕೊಳ್ಳುತ್ತಿದ್ದದ್ದು ಹತ್ತಾರು ಜನ ಇಳಿದ ನೀರಿನಲ್ಲೇ. ಆ ನೀರಿಗೆ ಒಂದೇ ನಿಯಮ: ಮೊದಲು ಹೊರಗೆ ಕೂತು ಮೈ ತಿಕ್ಕಿ ತೊಳೆದುಕೊ, ಆಮೇಲೆ ಇಳಿ. ನಿನ್ನ ಕೊಳೆ ಇನ್ನೊಬ್ಬನ ಪಾಲಿಗೆ ಬೀಳಬಾರದು. ಒನ್ಸೆನ್ನಿನ, ಅಂದರೆ ಬಿಸಿನೀರ ಬುಗ್ಗೆಯ, ನಾಗರಿಕತೆ ಎಂಬುದೇನಾದರೂ ಇದ್ದರೆ ಅದು ಈ ನಿಯಮದಲ್ಲಿದೆ. ಮುಂದೆ ಇಳಿಯುವವನೇ ಇಲ್ಲದ ತೊಟ್ಟಿಯಲ್ಲಿ ನಿಯಮಕ್ಕೆ ಅರ್ಥವಿಲ್ಲ. ಉಳಿಯುವುದು ಬರೀ ಶಾಸ್ತ್ರ.

ಇದಕ್ಕೆ ಸಾಕ್ಷಿಯಾಗಿ, ಬಿಸಿನೀರ ವಸತಿಗೃಹದ ಮೋಹವನ್ನು ಜಗತ್ತಿಗೆಲ್ಲ ಹಚ್ಚಿದ ಕಾದಂಬರಿಕಾರ ಕವಾಬಾತಾನನ್ನೇ ಕರೆಯುತ್ತೇನೆ. ‘ಹಿಮದ ನಾಡು’ ಎಲ್ಲರೂ ಬಲ್ಲದ್ದು, ಅದನ್ನು ಬಿಡೋಣ. 1926ರಲ್ಲಿ ಪ್ರಕಟವಾದ ‘ಇಝುವಿನ ನರ್ತಕಿ’ ಎಂಬ ಸಣ್ಣ ಕತೆಯ ಒಂದು ರಾತ್ರಿ ಮತ್ತು ಒಂದು ಬೆಳಗನ್ನು ನೋಡೋಣ. ತೋಕಿಯೋದ ವಿದ್ಯಾರ್ಥಿಯೊಬ್ಬ ಇಝು ಪರ್ಯಾಯದ್ವೀಪದಲ್ಲಿ ಅಲೆಯುತ್ತ, ಊರೂರು ಸುತ್ತುವ ಹಾಡು-ಕುಣಿತದ ಮೇಳವೊಂದರ ಜೊತೆಯಾಗುತ್ತಾನೆ. ಯುಗಾನೋ ಎಂಬ ಬುಗ್ಗೆಯೂರಿನಲ್ಲಿ ಮೇಳದವರು ಅಗ್ಗದ ಛತ್ರಕ್ಕೆ ಹೋಗುತ್ತಾರೆ. ವಿದ್ಯಾರ್ಥಿ ಒಳ್ಳೆಯ ವಸತಿಗೃಹಕ್ಕೆ. ಮಳೆಯ ರಾತ್ರಿ. ಆಚೆ ಕಡೆಯ ಊಟದ ಮನೆಯಿಂದ ಮೇಳದ ನರ್ತಕಿ ಹುಡುಗಿಯ ಡೋಲು ಕೇಳುತ್ತಿರುವ ತನಕ ಅವನಿಗೆ ಸಮಾಧಾನ. ಡೋಲು ನಿಂತದ್ದೇ ಸಂಶಯ ತಿನ್ನತೊಡಗುತ್ತದೆ: ಈ ರಾತ್ರಿ ಹುಡುಗಿಯನ್ನು ಯಾರಾದರೂ ಕೆಡಿಸಿಬಿಟ್ಟರೆ? ನಿದ್ದೆ ಬಾರದೆ ಮತ್ತೆ ಸ್ನಾನದ ಕೊಳಕ್ಕಿಳಿದು ನೀರನ್ನು ರಭಸದಿಂದ ಕಲಕುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಪ್ರವಾಸಿಗಳು ದುಡ್ಡು ಕೊಟ್ಟು ಬಯಸುವುದೆಲ್ಲ ಆ ಗಳಿಗೆಯಲ್ಲಿದೆ: ನಡುರಾತ್ರಿ, ಮಳೆ ನಿಂತು ಮೂಡಿದ ಚಂದ್ರ, ಒಬ್ಬನೇ ಮನುಷ್ಯ, ಬಿಸಿನೀರು. ಆದರೂ ಶಾಂತಿ ಇಲ್ಲ, ಇರುವುದು ಹೊಟ್ಟೆಕಿಚ್ಚು. ಅದೂ ಶುದ್ಧವಾದದ್ದಲ್ಲ. ಹಿಂದೆ ಘಾಟಿಯ ಚಹಾದಂಗಡಿಯ ಮುದುಕಿ ಈ ಜನ ಗಿರಾಕಿ ಸಿಕ್ಕಲ್ಲಿ ಮಲಗುವವರು ಎಂದು ಹೀಗಳೆದಾಗ, ಹಾಗಾದರೆ ಹುಡುಗಿ ನನ್ನ ಕೋಣೆಯಲ್ಲೇ ಇರಲಿ ಎಂದು ಇವನ ಮನಸ್ಸೂ ಹೊರಳಿತ್ತು. ಇತರರ ಮೇಲೆ ಹೊರಿಸುವ ಹೊಲಸು ಇವನೊಳಗೇ ಇದೆ. ಒಂಟಿ ನೀರು ಅದನ್ನು ತೊಳೆಯುವುದಿಲ್ಲ, ಕಲಕುತ್ತದೆ.

ಮರುದಿನ ಬೆಳಿಗ್ಗೆ ಮೇಳದ ಗಂಡಸು ವಸತಿಗೃಹಕ್ಕೆ ಬರುತ್ತಾನೆ, ಇಬ್ಬರೂ ಸ್ನಾನಕ್ಕಿಳಿಯುತ್ತಾರೆ. ಅವನು ಹೊಳೆಯಾಚೆ ಬೆರಳು ತೋರಿಸುತ್ತಾನೆ. ಅಲ್ಲಿರುವುದು ಊರವರ ಸಾರ್ವಜನಿಕ ಸ್ನಾನದ ಮನೆ. ಅದರ ಹಬೆಯೊಳಗಿಂದ ಆ ಹುಡುಗಿ ಮೈಮೇಲೆ ಒಂದು ಚೌಕವೂ ಇಲ್ಲದೆ ಓಡಿ ಬಂದು, ಹೊಳೆಯ ಅಂಚಿನಲ್ಲಿ ಎರಡೂ ಕೈ ಚಾಚಿ, ಇವರನ್ನು ಕಂಡ ಖುಷಿಗೆ ಏನೋ ಕೂಗುತ್ತಾಳೆ. ತಲೆಗೂದಲಿನ ಸಿಂಗಾರ ನೋಡಿ ಹದಿನೇಳು ಹದಿನೆಂಟು ಎಂದುಕೊಂಡಿದ್ದವಳು ಬರೀ ಮಗು. ವಿದ್ಯಾರ್ಥಿಗೆ ನಗು ತಡೆಯಲಾಗುವುದಿಲ್ಲ, ತಲೆ ತಿಳಿಯಾಗುತ್ತದೆ.

ಈ ದೃಶ್ಯವನ್ನು ಮುಗ್ಧತೆಯ ಭಾವಗೀತೆಯೆಂದು ಓದುವ ವಿಮರ್ಶಕರೊಡನೆ ನನ್ನ ಜಗಳ. ಬೆತ್ತಲೆ ಮಗು, ಬೆಳಗಿನ ಬಿಸಿಲು, ಶುದ್ಧೀಕರಣ ಎಂದು ಬರೆದು ಅವರು ಮುಂದೆ ಸಾಗುತ್ತಾರೆ. 1968ರ ನೊಬೆಲ್ ಭಾಷಣದಲ್ಲಿ ಕವಾಬಾತಾ ಸುಂದರ ಜಪಾನಿನ ಬಗ್ಗೆ ಮಾತಾಡಿದ್ದು ಈ ಓದಿಗೆ ಮುದ್ರೆ ಒತ್ತಿತು. ಆದರೆ ಯಾವ ಸ್ನಾನದ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಇವರು ನೋಡುವುದೇ ಇಲ್ಲ. ಸಂಶಯ ಬೆಳೆದದ್ದು ಬಾಡಿಗೆ ಕೊಟ್ಟವನ ಕೊಳದಲ್ಲಿ. ಅದು ಕರಗಿದ್ದು ಊರಿನ ಕೊಳದ ಕಡೆ ಕಣ್ಣು ಹಾಯಿಸಿದಾಗ. ನಡುವೆ ಹರಿಯುವ ಹೊಳೆ ಬರೀ ನಿಸರ್ಗವರ್ಣನೆಯಲ್ಲ, ಅಂತಸ್ತಿನ ಗಡಿ. ವಿದ್ಯಾರ್ಥಿ ಮಹಡಿಯಿಂದ ಕಾಗದದಲ್ಲಿ ಸುತ್ತಿದ ದುಡ್ಡನ್ನು ಮೇಳದವನಿಗೆ ಎಸೆಯುತ್ತಾನೆ. ತಾನು ಮಾತ್ರ ಆಚೆಯ ನೀರಿಗೆ ಇಳಿಯುವುದಿಲ್ಲ. ಬೆತ್ತಲೆಯನ್ನು ದೂರದಿಂದ ನೋಡುವ ಸವಲತ್ತು ಅವನದು, ನೋಡಿಸಿಕೊಳ್ಳುವ ಪಾಡು ಆಚೆಯವರದು. ದಾರಿಯಲ್ಲಿ ಊರಬಾಗಿಲಿಗೆ ಹಾಕಿದ ಹಲಗೆಗಳು ಭಿಕ್ಷುಕರೂ ಅಲೆಮಾರಿ ಕಲಾವಿದರೂ ಒಳಗೆ ಬರಕೂಡದು ಎನ್ನುತ್ತವೆ. ಬೆಟ್ಟದ ಒರತೆಯ ಬಳಿ ಮೇಳದ ಹೆಂಗಸರು ತಾವು ಕುಡಿಯದೆ ಕಾಯುತ್ತಾರೆ: ಹೆಂಗಸರು ಕೈಹಾಕಿದ ಮೇಲೆ ನೀರು ಗಂಡಸರಿಗೆ ಹೊಲಸಾದೀತೆಂದು.

ಆ ಒರತೆಯ ಪುಟವನ್ನು ಭಾವಗೀತೆಯೆಂದು ಓದಲು ಕನ್ನಡದವನು ತನ್ನೂರನ್ನೇ ಮರೆಯಬೇಕು. ನವಲಗುಂದ, ಅಣ್ಣಿಗೇರಿಯ ಯರಿನೆಲದ ಕೆಳಗೆ ಸವುಳು ನೀರು. ಬಾಯಿಗೆ ಹಾಕುವ ನೀರು ಕೆರೆಯದ್ದೇ. ಆ ಕೆರೆಯ ಮೆಟ್ಟಿಲಿಗೆ ಚಪ್ಪಲಿ ಕಳಚಿ ಇಳಿಯುವ ಶಿಸ್ತು ನಮಗೆ ಗೊತ್ತು. ಯಾರು ಇಳಿಯಬಹುದು, ಯಾರು ದೂರ ನಿಂತು ಹೊಯ್ಯಿಸಿಕೊಳ್ಳಬೇಕು ಎಂಬುದೂ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕವಾಬಾತಾನ ಕತೆ ಬಂದ ಮರುವರ್ಷ, 1927ರ ಮಾರ್ಚಿನಲ್ಲಿ, ಮಹಾಡದ ಚವದಾರ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿಯಬೇಕಾಯಿತು. ಪ್ರತ್ಯೇಕ ನೀರು ನಮಗೆ ಹೊಸ ಸುಖವಲ್ಲ. ನಮ್ಮ ಅತಿ ಹಳೆಯ ಐಷಾರಾಮ. ಅದನ್ನು ಮಡಿ ಎನ್ನುತ್ತಿದ್ದೆವು. ಒಂಟಿ ತೊಟ್ಟಿಯಲ್ಲಿ ಕೂತು ಜಪಾನನ್ನು ಕಂಡೆವು ಎನ್ನುವವರು ಕಂಡದ್ದು ಅಜ್ಜನ ಮನೆಯ ಮಡಿ ಬಚ್ಚಲನ್ನು, ದುಬಾರಿ ಬಾಡಿಗೆಗೆ.

ಎದುರು ವಾದಕ್ಕೂ ಜಾಗ ಕೊಡೋಣ. ಸಾರ್ವಜನಿಕ ಕೊಳವೂ ಬಾಗಿಲು ಹಾಕಿಕೊಂಡದ್ದಿದೆ: ಹಚ್ಚೆ ಇದ್ದವರಿಗೆ ಇಂದಿಗೂ ಎಷ್ಟೋ ಕಡೆ ಪ್ರವೇಶವಿಲ್ಲ, ಒತಾರುವಿನ ಸ್ನಾನದ ಮನೆಯೊಂದು ವಿದೇಶಿಯರನ್ನು ಹೊರಗಿಟ್ಟದ್ದು ತಾರತಮ್ಯವೆಂದು ಸಪ್ಪೊರೊ ನ್ಯಾಯಾಲಯ 2002ರಲ್ಲಿ ತೀರ್ಪಿತ್ತಿತು. ಫುಕುವೋಕಾ ಪ್ರಾಂತ್ಯದ ವಸತಿಗೃಹವೊಂದು ಕೊಳದ ನೀರನ್ನು ವರ್ಷಕ್ಕೆ ಎರಡೇ ಸಲ ಬದಲಿಸುತ್ತಿದ್ದದ್ದು 2023ರಲ್ಲಿ ಬಯಲಾಯಿತು. ಶಸ್ತ್ರಕ್ರಿಯೆಯ ಗಾಯ ಮೈಮೇಲಿರುವವರಿಗೆ, ನೆರವಿಲ್ಲದೆ ಇಳಿಯಲಾಗದ ಮುದುಕರಿಗೆ ಬಾಗಿಲು ಹಾಕಿಕೊಳ್ಳಬಹುದಾದ ತೊಟ್ಟಿ ಬೇಕೇ ಬೇಕು. ಒಪ್ಪಿದೆ. ಇವು ಸಾರ್ವಜನಿಕ ಕೊಳವನ್ನು ತಿದ್ದಲು ಕಾರಣಗಳೇ ಹೊರತು ತೊರೆಯಲು ಅಲ್ಲ. ಕುಮಾಮೊತೊದ ಕುರೊಕಾವಾದ ವಸತಿಗೃಹಗಳವರು ಒಂಟಿ ತೊಟ್ಟಿಯ ಪೈಪೋಟಿಗಿಳಿಯದೆ 1986ರಲ್ಲಿ ಮರದ ಬಿಲ್ಲೆಯೊಂದನ್ನು ತಂದರು. ಅದನ್ನು ಕೊಂಡವನು ಮೂರು ಮನೆಗಳ ಬಯಲು ಕೊಳಗಳಿಗೆ ಇಳಿಯಬಹುದು. ಬಡಕಲಾಗಿದ್ದ ಊರು ಹೆಸರಾದದ್ದು ನೀರು ಹಂಚಿಕೊಂಡು.

ನಮ್ಮಲ್ಲಿ ಹಂಚಿಕೊಂಡ ನೀರು ಇಲ್ಲವೆಂದಲ್ಲ. ನವಲಗುಂದ ತಾಲೂಕಿನ ಯಮನೂರಿನ ಜಾತ್ರೆಯಲ್ಲಿ ಒಬ್ಬನೇ ಸಂತನಿಗೆ ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುತ್ತಾರೆ. ಹಳ್ಳದ ನೀರಿನಿಂದ ದೀಪ ಉರಿಸುವ ಪವಾಡ ಎಲ್ಲರೂ ಬಲ್ಲದ್ದು. ಚರ್ಮರೋಗ ಹೋಗುತ್ತದೆಂದು ನಂಬಿ ಎರಡೂ ಧರ್ಮದವರು ಅಲ್ಲಿನ ಬೆಣ್ಣಿಹಳ್ಳದಲ್ಲಿ ಮುಳುಗುತ್ತಾರೆ. ಯಾವ ಬುಗ್ಗೆಯೂರಿಗೂ ಕಡಿಮೆಯಿಲ್ಲದ ಸಹಸ್ನಾನ ಅದು. ಕೊರತೆ ಇರುವುದು ತೊಳೆಯುವ ಶಿಸ್ತಿನಲ್ಲಿ: ಒಂಟಿ ತೊಟ್ಟಿಯಲ್ಲಿ ತೊಳೆದುಕೊಳ್ಳುವುದಿದೆ, ಹಂಚಿಕೊಳ್ಳುವುದಿಲ್ಲ, ಬೆಣ್ಣಿಹಳ್ಳದಲ್ಲಿ ಹಂಚಿಕೊಳ್ಳುವುದಿದೆ, ತೊಳೆದುಕೊಳ್ಳುವುದಿಲ್ಲ. ಯುಗಾನೋದ ಆಚೆ ದಡದಲ್ಲಿ ಎರಡೂ ಇದ್ದವು.

ಆದ್ದರಿಂದ ಜಪಾನಿನಿಂದ ತರುವುದಾದರೆ ಕಲಘಟಗಿಯ ಕಾಡಂಚಿನ ರೆಸಾರ್ಟಿಗೆ ಒಂಟಿ ತೊಟ್ಟಿಯನ್ನಲ್ಲ. ಮುಳುಗುವ ಮೊದಲು ಮೈ ತೊಳೆಯಲು ಬೆಣ್ಣಿಹಳ್ಳದ ದಂಡೆಯಲ್ಲಿ ಸಾಲು ನಲ್ಲಿ, ಹೆಂಗಸರಿಗೆ ಬಟ್ಟೆ ಬದಲಿಸಲು ಗೋಡೆ. ಮತ್ತು ಜಪಾನಿನ ಕಾನೂನು ಪ್ರತಿ ಬುಗ್ಗೆಮನೆಯಲ್ಲೂ ತೂಗಹಾಕಿಸುವ ಆ ಫಲಕ: ಈ ನೀರಿನಲ್ಲಿ ಏನೇನಿದೆ ಎಂಬ ಪರೀಕ್ಷೆಯ ವರದಿ, ಓದಬರುವ ಕನ್ನಡದಲ್ಲಿ. ಚರ್ಮರೋಗದವರು ನಂಬಿ ಇಳಿಯುವ ನೀರಿಗೆ ಅಷ್ಟಾದರೂ ಋಣ ಇದೆ.