ಇಲಿಗೆ ಏನೂ ಗೊತ್ತಿರಲಿಲ್ಲ

ಈಚೆಗೆ ಇಂದಿರಾನಗರದ ಗೋಷ್ಠಿಯೊಂದರಲ್ಲಿ ಭಾಷಣಕಾರರೊಬ್ಬರು ಸುನಾಮಿಗೆ ಮುಂಚೆ ದಿಬ್ಬ ಹತ್ತಿದ ಆನೆಗಳಿಂದ ಶುರುಮಾಡಿ, ‘ಸಂಸ್ಕಾರ’ದ ಇಲಿಗಳ ಹತ್ತಿರ ಬಂದು ನಿಂತರು. ಮನುಷ್ಯನಿಗೆ ತಿಳಿಯದ ಕೇಡು ಮೂಕಪ್ರಾಣಿಗೆ ಮೊದಲೇ ತಿಳಿಯುತ್ತದೆ, ಅನಂತಮೂರ್ತಿ ಬರೆದದ್ದೂ ಅದನ್ನೇ ಅಂದರು. ಸಭೆ ತಲೆದೂಗಿತು. ನನಗೆ ಮೈ ಉರಿಯಿತು.

ಆನೆಯ ಮಾತು ಬೇಗ ಮುಗಿಯುತ್ತದೆ. 2004ರ ಸುನಾಮಿ ಬಂದಾಗ ಶ್ರೀಲಂಕಾದ ದಕ್ಷಿಣದಲ್ಲಿ ಎರಡು ಆನೆಗಳ ಕೊರಳಿಗೆ ಉಪಗ್ರಹ ಪಟ್ಟಿ ಇತ್ತು. ಅವು ಮುನ್ಸೂಚನೆ ಸಿಕ್ಕು ಓಡಿದ ಗುರುತು ಅದರಲ್ಲಿ ಇಲ್ಲ. ಇಲಿಯ ವಿಷಯ ಹಾಗೆ ಬಿಡುವಂಥದ್ದಲ್ಲ.

1965ರ ಆ ಕಾದಂಬರಿಯಲ್ಲಿ ಇಲಿ ಏನು ಮಾಡುತ್ತದೆ? ಹೊರಗೆ ಬರುತ್ತದೆ, ತನ್ನ ಸುತ್ತ ತಾನೇ ಸುತ್ತುತ್ತದೆ, ಬಿದ್ದು ಸಾಯುತ್ತದೆ. ಅಷ್ಟೇ. ಅದು ಎಚ್ಚರಿಸುವುದಿಲ್ಲ, ಊರು ಬಿಟ್ಟು ಓಡುವುದೂ ಇಲ್ಲ. ಕಾದಂಬರಿಯ ಕೇಡು ಪ್ಲೇಗು. ಅದು ಮೊದಲು ಇಲಿಯ ಜಡ್ಡು, ಆಮೇಲೆ ನಮ್ಮದು. ಇಲಿ ಸತ್ತು ಮೈ ತಣ್ಣಗಾದರೆ ಅದರ ಚಿಗಟ ಬಿಸಿ ರಕ್ತ ಹುಡುಕಿಕೊಂಡು ಹೊರಡುತ್ತದೆ. ಸಿಮೊಂ ಎಂಬ ಫ್ರೆಂಚ್ ವೈದ್ಯ ಇದನ್ನು ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ವರ್ಷವೇ. ಅಗ್ರಹಾರದಲ್ಲಿ ಸತ್ತ ಇಲಿಯನ್ನು ಎತ್ತಿ ಆಚೆ ಎಸೆಯುವ ಕೈಯನ್ನು ಇದು ಗೊತ್ತಿದ್ದು ಓದಿ ನೋಡಿ. ಆ ಒಂದು ಕ್ಷಣಕ್ಕೆ ಲೇಖಕರು ಯಾವ ಬಣ್ಣವನ್ನೂ ಹಚ್ಚಿಲ್ಲ. ಭಯ ಹುಟ್ಟುವುದು ಅದಕ್ಕೇ. ಕಾದಂಬರಿಯ ಹದ್ದುಗಳ ಬಗ್ಗೆ ಇದೇ ಮಾತು ಹೇಳಲಾರೆ. ಸೂರಿನ ಮೇಲೆ ಹದ್ದು, ಕೆಳಗೆ ಅದನ್ನು ಓಡಿಸಲು ಜಾಗಟೆ, ಶಂಖ: ಇಲ್ಲಿ ಲೇಖಕರು ಓದುಗನ ಮೊಣಕೈ ತಿವಿದು ‘ನೋಡಿದೆಯಾ’ ಎನ್ನುತ್ತಾರೆ.

ಬ್ರಾಹ್ಮಣ್ಯ ಬಿಟ್ಟ ನಾರಣಪ್ಪನ ಹೆಣ ಸುಡದೆ ಬಿಟ್ಟಿದ್ದರಿಂದ ಈ ಅನಿಷ್ಟ ಎಂದು ಅಗ್ರಹಾರದ ಬ್ರಾಹ್ಮಣರು ನಂಬುತ್ತಾರೆ. ಪ್ಲೇಗಿನ ಹೆಸರು ಹೊಳೆಯುವುದು ಯಾರಿಗೆ? ಇವರು ಕೀಳೆಂದು ಕಾಣುವ ಪಾರಿಜಾತಪುರದ ಮಂಜಯ್ಯನಿಗೆ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿಬಂದು ಜ್ವರ ಹತ್ತಿ ಸತ್ತದ್ದಕ್ಕೆ ಪೇಪರಿನ ಸುದ್ದಿಯನ್ನು ಜೋಡಿಸುವವನು ಅವನೊಬ್ಬನೇ. ಆರನೆಯ ಇಂದ್ರಿಯವಲ್ಲ, ಪೇಪರು!

ನಮ್ಮ ವಿಮರ್ಶೆ ಈ ಮಂಜಯ್ಯನನ್ನು ದಾಟಿಕೊಂಡೇ ಹೋಯಿತು. ಲೇಖಕ ವಿ. ಎಸ್. ನೈಪಾಲ್ 1977ರಲ್ಲಿ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯನೊಬ್ಬನನ್ನು ಹಿಡಿದುಕೊಂಡು ಇಡೀ ಹಿಂದೂ ಮನಸ್ಸಿಗೇ ತೀರ್ಪು ಕೊಟ್ಟರು. ನಮ್ಮವರು ಅದಕ್ಕೆ ಉತ್ತರ ಕೊಡುವುದರಲ್ಲೇ ದಣಿದರು. ಉಳಿದವರು ಪ್ಲೇಗು ಅಗ್ರಹಾರದ ಕೊಳೆತಕ್ಕೆ ರೂಪಕ ಎಂದು ನೋಟ್ಸ್ ಬರೆಸಿದರು. ಅಗ್ರಹಾರದ ಹೊರಗಿನ ದಲಿತ ಹುಡುಗಿ ಬೆಳ್ಳಿಯ ಅಪ್ಪ ಅಮ್ಮ ಸತ್ತು ಗುಡಿಸಲಿನೊಂದಿಗೇ ಸುಟ್ಟುಹೋಗುತ್ತಾರಲ್ಲ, ಅವರು ಯಾವ ಅಗ್ರಹಾರದ ಕೊಳೆತ? ರೂಪಕ ಎಂದ ಕೂಡಲೇ ಇಲಿ ಸತ್ತದ್ದು ಮರೆತುಹೋಗುತ್ತದೆ. ಮೊನ್ನೆಯ ಭಾಷಣಕಾರರು ಅದೇ ಮರೆವನ್ನು ಇನ್ನೊಂದು ಹೆಜ್ಜೆ ಮುಂದೆ ತಳ್ಳಿ ಇಲಿಯನ್ನು ಜ್ಯೋತಿಷಿ ಮಾಡಿದರು.

ಹಲಸೂರಿನ ನಮ್ಮಜ್ಜಿಗೆ ಇಷ್ಟೆಲ್ಲ ಬೇಕಿರಲಿಲ್ಲ. ‘ಇಲಿ ಬಿತ್ತು’ ಅಂದರೆ ಅವರ ಕಾಲದಲ್ಲಿ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕುವುದು ಎಂದೇ ಅರ್ಥ. ಈ ಎರಡು ಪದ ಓದಲು ಬಂದವರು ಉಳಿದುಕೊಂಡರು.

ಇನ್ನೊಬ್ಬ ಓದುಗನೂ ಇದ್ದ. ಬೆಂಗಳೂರು ದಂಡಿನ ಮುನಿಸಿಪಾಲಿಟಿ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್. ಬ್ಲಾಕ್‌ಪಳ್ಳಿಯ, ಅಂದರೆ ಇಂದಿನ ಶಿವಾಜಿನಗರದ ಇಕ್ಕಟ್ಟಿನಿಂದ ಜನರನ್ನು ಬಿಡಿಸಲು ಪಕ್ಕದಲ್ಲೇ ಫ್ರೇಜರ್ ಟೌನ್ ಎದ್ದಿತು, 1910ರಲ್ಲಿ ತೆರೆಯಿತು. ಅಗಲ ರಸ್ತೆ, ಗಾಳಿ ಬೆಳಕು, ಇಲಿ ಕೊರೆಯಲಾಗದ ಗಟ್ಟಿ ನೆಲ. ಪ್ಲೇಗು ತಡೆಯುವ ಊರು ಕಟ್ಟುವುದು ಹೇಗೆಂದು ಅವನು ಬೆಂಗಳೂರನ್ನೇ ಇಟ್ಟುಕೊಂಡು 1914ರಲ್ಲಿ ಪುಸ್ತಕ ಬರೆದ. ಸಾಹಿತ್ಯದವರು ಅದನ್ನು ಮುಟ್ಟುವುದಿಲ್ಲ, ಗದ್ಯವೂ ಏನು ಸೊಗಸಿನದಲ್ಲ. ಆದರೂ ಸತ್ತ ಇಲಿಯ ವಿಷಯದಲ್ಲಿ ನೈಪಾಲ್‌ಗಿಂತ ಅವನೇ ನಂಬಿಕಸ್ಥ. ಅವನ ಕಣ್ಣು ಇದ್ದದ್ದು ಮನೆಯ ನೆಲದ ಮೇಲೆ.

ಗೋಷ್ಠಿಯ ಮಾರನೆಯ ಬೆಳಿಗ್ಗೆ ಅದೇ ಫ್ರೇಜರ್ ಟೌನಿನ ಮಾಸ್ಕ್ ರೋಡಿನ ಹಿಂದಿನ ಗಲ್ಲಿಯಲ್ಲಿ ಒಂದು ಹೆಗ್ಗಣ ಅಂಗಾತ ಬಿದ್ದಿತ್ತು. ಕಸದ ಗಾಡಿಯ ಹೆಂಗಸು ಪೊರಕೆಯಿಂದ ಅದನ್ನು ತಿರುವಿ ಹಾಕಿ, ಸುತ್ತ ನೋಡಿ, ನನ್ನನ್ನು ಕೇಳಿದಳು: “ಇದೊಂದೇನಾ ಸಾರ್, ಇನ್ನೂ ಬಿದ್ದವಾ?”